ಪಹಣಿಯಲ್ಲಿ ಸಿಗದ ತುಳು ಊರಹೆಸರುಗಳನ್ನು ದಾಖಲಿಸುವ ಬಗೆ

ದೊಡ್ಡ ಭಾಷೆಯೊಂದು ಚಿಕ್ಕ ಭಾಷೆಯನ್ನು ಬದಿಗೆ ಸರಿಸಲು ನಿಷೇಧದ ಆಜ್ಞೆಯೇ ಬೇಕೆಂದಿಲ್ಲ. ಪಹಣಿಯಲ್ಲಿ, ಬಸ್ಸಿನ ಬೋರ್ಡಿನಲ್ಲಿ, ಶಾಲೆಯ ದಾಖಲಾತಿಯಲ್ಲಿ ಯಾವ ಹೆಸರನ್ನು ಬರೆಯುತ್ತಾರೆ ಎಂಬುದಷ್ಟೇ ಸಾಕು. ಇಂಗ್ಲಿಷು, ಹಿಂದಿಗಳ ಬಗ್ಗೆ ದೂರುವ ಕನ್ನಡಿಗರಾದ ನಾವು ತುಳುವಿನ ಎದುರು ನಿಂತಾಗ ದೊಡ್ಡವರ ಜಾಗದಲ್ಲಿದ್ದೇವೆ. 2014ರ ನವೆಂಬರ್ 1ರಂದು ‘ಮ್ಯಾಂಗಲೋರ್’ ಅಧಿಕೃತವಾಗಿ ‘ಮಂಗಳೂರು’ ಆದಾಗಲೂ ತುಳುವರ ಕುಡ್ಲ, ಕೊಂಕಣಿಗರ ಕೊಡಿಯಾಲ, ಬ್ಯಾರಿಗಳ ಮೈಕಾಲ ಬಾಯಿಮಾತಿನಲ್ಲೇ ಉಳಿದವು.

ಒಂದೇ ಗ್ರಾಮವನ್ನು ಆರಿಸಿಕೊಂಡು, ಮೊದಲು ಸರಕಾರಿ ದಾಖಲೆಯ ಹೆಸರುಗಳನ್ನೆಲ್ಲ ಪಟ್ಟಿ ಮಾಡಿ. ಆಮೇಲೆ ಹಿರಿಯರ ಬಳಿಗೆ ಹೋಗಿ, ಆದರೆ ‘ಈ ಊರಿನ ಹೆಸರೇನು’ ಎಂದು ನೇರವಾಗಿ ಕೇಳಬೇಡಿ. ಕೈಯಲ್ಲಿ ಪುಸ್ತಕ ಹಿಡಿದು ಕನ್ನಡದಲ್ಲಿ ಕೇಳುವವರಿಗೆ ಬೋರ್ಡಿನ ಮೇಲಿರುವ ಹೆಸರನ್ನೇ ಹೇಳುವುದು ಮರ್ಯಾದೆಯೆಂದು ಬಹಳ ಮಂದಿ ಭಾವಿಸುತ್ತಾರೆ. ಅದರ ಬದಲು ಹಿಂದೆ ನಾಟಿಗೆ ಯಾವ ಗದ್ದೆಗೆ ಹೋಗುತ್ತಿದ್ದರು, ದನಗಳನ್ನು ಎಲ್ಲಿ ಮೇಯಿಸುತ್ತಿದ್ದರು, ಭೂತಕೋಲ ನೋಡಲು ಯಾವ ದಾರಿಯಲ್ಲಿ ನಡೆಯುತ್ತಿದ್ದರು ಎಂದು ಸಾಧ್ಯವಾದರೆ ತುಳುವಿನಲ್ಲೇ ವಿಚಾರಿಸಿ. ಹೆಸರುಗಳು ಮಾತಿನ ನಡುವೆ ತಾವಾಗಿಯೇ ಬರುತ್ತವೆ.

ಬರೆದುಕೊಳ್ಳುವುದರ ಜೊತೆಗೆ ಧ್ವನಿಮುದ್ರಣವನ್ನೂ ಮಾಡಿಕೊಳ್ಳಿ. ತುಳುವಿನಲ್ಲಿ ‘ನಾನು ಬಂದೆ’, ‘ಅವನು ಬಂದ’ ಎಂಬುವುಗಳ ವ್ಯತ್ಯಾಸವಿರುವುದು ಕೊನೆಯ ಎಕಾರದ ಉಚ್ಚಾರದಲ್ಲಿ. ನಮ್ಮ ಲಿಪಿಯಲ್ಲಿ ಸಾಮಾನ್ಯವಾಗಿ ಎರಡೂ ‘ಬತ್ತೆ’ಯೇ. ಲಿಪಿಯೂ ಹೀಗೆ ಸದ್ದಿಲ್ಲದೆ ಭಾಷೆಯನ್ನು ತನ್ನ ಅಳತೆಗೆ ಕತ್ತರಿಸುತ್ತದೆ.

ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟಾಗ ಬದಲಾವಣೆಗಳೆಲ್ಲ ಒಂದೇ ಬಗೆಯವಲ್ಲ ಎಂಬುದು ತಿಳಿಯುತ್ತದೆ. ಕಾರ್ಲ–ಕಾರ್ಕಳದಂಥವು ಒಂದೇ ಹೆಸರಿನ ಎರಡು ಉಚ್ಚಾರಗಳು. ಇವುಗಳಿಗೆ ಹೆಚ್ಚು ಹೊತ್ತು ಕೊಡಬೇಕಾಗಿಲ್ಲ. ಉಬಾರ್ ಉಪ್ಪಿನಂಗಡಿಯಾದಲ್ಲಿ ಕನ್ನಡದ ಬೇರೆಯೇ ಹೆಸರು ನಿಂತಿದೆ. ಕುಡುಮ ಧರ್ಮಸ್ಥಳವಾದಲ್ಲಿ ಸಂಸ್ಕೃತದ ಹೆಸರು ಬಂದಿದೆ. ಇವನ್ನು ಬೇರೆ ಬೇರೆ ಅಂಕಣಗಳಲ್ಲಿ ಬರೆಯಿರಿ, ಇಲ್ಲವಾದರೆ ಎಲ್ಲವೂ ಕನ್ನಡದ ಕೈವಾಡವೆಂಬ ಅವಸರದ ತೀರ್ಮಾನಕ್ಕೆ ಬರುವಿರಿ.

ಹೆಚ್ಚಿನ ಗಮನ ಬೇಕಾದದ್ದು ಗದ್ದೆಗಳ ಹೆಸರುಗಳಿಗೆ. ತಗ್ಗಿನಲ್ಲಿದ್ದು ನೀರು ನಿಲ್ಲುವ ಗದ್ದೆ ಬಯಲು, ಅದಕ್ಕಿಂತ ಮೇಲಿನದು ಮಜಲು, ಮಳೆಯನ್ನೇ ನಂಬಿ ಒಂದು ಬೆಳೆ ತೆಗೆಯುವ ಎತ್ತರದ್ದು ಬೆಟ್ಟು. ಬೆಟ್ಟು ಎಂದರೆ ಬೆಟ್ಟವೆಂದು ತಿಳಿಯುವ ತಪ್ಪನ್ನು ಘಟ್ಟದ ಮೇಲಿನವರು ಸುಲಭವಾಗಿ ಮಾಡುತ್ತಾರೆ. ಇಂಥ ಹೆಸರಿನ ಜಾಗ ಯಾವುದೋ ‘ನಗರ’ವಾದಾಗ ನೀರಿನ ಲೆಕ್ಕವೂ ಹೆಸರಿನಿಂದ ಅಳಿಸಿಹೋಗುತ್ತದೆ, ಆದ್ದರಿಂದ ಪ್ರತಿ ಹೆಸರಿನ ಮುಂದೆ ನೆಲದ ಎತ್ತರ, ಬೆಳೆ, ನೀರಿನ ಮೂಲಗಳನ್ನು ಗುರುತಿಸಿ.

ಪಟ್ಟಿಯ ಕೊನೆಯಲ್ಲಿ ಕೆಲವು ಹಾಳೆಗಳನ್ನು ಖಾಲಿ ಬಿಟ್ಟು, ಒಂದು ಪ್ರತಿಯನ್ನು ಹೆಸರು ಹೇಳಿದವರ ಮನೆಯಲ್ಲೇ ಇಟ್ಟು ಬನ್ನಿ. ನೀವು ಎದ್ದು ಹೋದ ಮೇಲೆ ಅವರಿಗೆ ನೆನಪಾಗುವ ಹೆಸರುಗಳೇ ಹೆಚ್ಚು.