45ನೇ ಕಂಬ

ಗುಬ್ಬಿ ತಾಲ್ಲೂಕಿನ ನಿಟ್ಟೂರು ಕಡೆ ಕರೆಂಟ್ ಕಂಬಗಳ ಮೇಲೆ ಫೈಬರ್ ಎಳೆಯೋ ಕೆಲಸ ಹಿಡಿದಾಗ, ಕಂಬ ಅಂದ್ರೆ ನನಗೆ ಬರೀ ಗೂಟ. ಆ ಭ್ರಮೆ ಮೊದಲ ವಾರದಲ್ಲೇ ಇಳಿಯಿತು.

ಕಂಬ ಬೆಸ್ಕಾಂನದು. ಅನುಮತಿ ಪತ್ರ ಕೈಲಿದ್ದರೂ ದಿನಾ ಲೈನ್ ಕ್ಲಿಯರ್ (ಎಲ್‌ಸಿ), ಅಂದ್ರೆ ಲೈನಿನ ಕರೆಂಟ್ ತೆಗೆದು ಕೆಲಸಕ್ಕೆ ಬಿಟ್ಟುಕೊಡುವ ಒಪ್ಪಿಗೆ, ತಗೋಬೇಕು. ಅವತ್ತು ಊರಿನ ಮನೆಗಳಿಗೆ ಕರೆಂಟ್ ಕೊಡುವ ಲೈನು, ನಿರಂತರ ಜ್ಯೋತಿ ಫೀಡರ್‌ಗೆ ಎಲ್‌ಸಿ ತಗೊಂಡು, ಕಂಬದ ಮೇಲಿನ ಸ್ವಿಚ್ಚು ಜಿಒಎಸ್ ತೆಗೆಸಿ, ಹುಡುಗನಿಗೆ ಹತ್ತು ಅಂದೆ. ಜೊತೆಗಿದ್ದ ಲೈನ್‌ಮ್ಯಾನ್ ಅವನ ಸೊಂಟದ ಬೆಲ್ಟ್ ಹಿಡಿದು ಕೆಳಗೆಳೆದರು. "ಏನ್ ಸ್ವಾಮಿ, ಇದೇ ಕಂಬದ ಮೇಲೆ ಪಂಪ್‌ಸೆಟ್‌ಗಳ ಐಪಿ ಫೀಡರ್ ದಾಟ್ತೈತೆ. ಅದು ಚಾಲೂ ಐತೆ, ಕೇಳ್ರಿ." ಕೇಳಿದೆ. ಹಿಂದಿನ ತೆಂಗಿನ ತೋಟದಲ್ಲಿ ಪಂಪ್‌ಸೆಟ್ ಗುಂಯ್ ಅಂತಿತ್ತು. ತಪ್ಪು ಪೂರ್ತಿ ನನ್ನದೇ. ಹಿಂದಿನ ದಿನ ದಾರಿ ನಡೆದು ನೋಡಿರಲಿಲ್ಲ. ಆಮೇಲಿಂದ ದಾಟುವ ಪ್ರತಿ ಫೀಡರ್‌ಗೂ ಎಲ್‌ಸಿ, ಟೆಸ್ಟರ್‌ನಲ್ಲಿ ನೋಡೋದು, ಕೆಲಸದ ಜಾಗದ ಎರಡೂ ಕಡೆ ತಂತಿಯನ್ನು ನೆಲಕ್ಕೆ ಜೋಡಿಸುವ ಅರ್ಥ್ ರಾಡ್. ಎರಡೂ ಕಡೆ ಯಾಕೆ ಅಂದ್ರೆ, ಯಾರದೋ ಮನೆ ಜನರೇಟರ್ ಉಲ್ಟಾ ಹೊಡೆದರೆ ಟಿಸಿ (ಟ್ರಾನ್ಸ್‌ಫಾರ್ಮರ್) ಅದನ್ನೇ 11 ಸಾವಿರ ವೋಲ್ಟ್ ಮಾಡಿ ಮೇಲಕ್ಕೆ ಕಳಿಸುತ್ತೆ.

ಎಳೆದದ್ದು ತನ್ನ ಭಾರ ತಾನೇ ಹೊರುವ, 24 ಗಾಜಿನ ಎಳೆಯ ಎಡಿಎಸ್‌ಎಸ್ ಕೇಬಲ್. ಒಳಗೆ ಲೋಹದ ತುಣುಕೂ ಇಲ್ಲ, ಭಾರ ತಡೆಯೋದು ಅರಾಮಿಡ್ ನೂಲು. ಹಾಗಂತ ಕರೆಂಟ್ ತಂತಿ ಪಕ್ಕ ಬಿಡೋ ಹಾಗಿಲ್ಲ, ಧೂಳು ಕೂತು ಮೈ ನೆನೆದರೆ ಅದೂ ಕರೆಂಟ್ ಹರಿಸುತ್ತೆ. ಎಲ್‌ಟಿ (ಕಡಿಮೆ ವೋಲ್ಟ್) ತಂತಿಗಿಂತ ಕೆಳಗೆ, ಆದರೆ ರಸ್ತೆ ದಾಟುವಲ್ಲಿ ಹುಲ್ಲು ತುಂಬಿದ ಟ್ರಾಕ್ಟರ್‌ಗೆ ಸಿಗದಷ್ಟು ಮೇಲೆ. ಎಳೆಯುವಾಗ ಬಗ್ಗುವ ಕಡೆ ಕೇಬಲ್ ದಪ್ಪದ 20 ಪಟ್ಟು ತ್ರಿಜ್ಯ ಇರಲೇಬೇಕು, ಅದಕ್ಕೇ ದೊಡ್ಡ ರಾಟೆ. ಸ್ವಿವಲ್ (ತಿರುಗುವ ಕೊಂಡಿ) ಇಲ್ಲದೆ ಎಳೆದರೆ ಕೇಬಲ್ ಹಗ್ಗದ ಹಾಗೆ ಮುರಿ ಹಾಕುತ್ತೆ. ಬಿಗಿಯಾಗಿ ಎಳೆದರೆ ನೋಡೋಕೆ ಚೆಂದ, ತೆಂಗಿನ ಗರಿ ಬಿದ್ದ ದಿನ ಗೊತ್ತಾಗುತ್ತೆ. 50 ಮೀಟರ್ ಅಂತರಕ್ಕೆ ನಾವು ಅರ್ಧ ಮೀಟರ್ ಜೋಲು ಬಿಟ್ಟೆವು.

ಇಷ್ಟೆಲ್ಲ ಮಾಡಿಯೂ ಸಿಕ್ಕಿಹಾಕಿಕೊಂಡದ್ದು ಒಂದು ಕಂಬದಲ್ಲಿ. ಜಾಯಿಂಟ್ ಮುಗಿಸಿ ಒಟಿಡಿಆರ್ ಇಟ್ಟೆವು. ಎಳೆಯೊಳಗೆ ಬೆಳಕು ಬಿಟ್ಟು, ಎಷ್ಟು ದೂರದಲ್ಲಿ ಎಷ್ಟು ಬೆಳಕು ಕಳೆದುಹೋಗುತ್ತೆ ಅಂತ ಗೆರೆಯಲ್ಲಿ ತೋರಿಸುವ ಯಂತ್ರ ಅದು. 1310 ನ್ಯಾನೋಮೀಟರ್ ತರಂಗದ ಬೆಳಕಿನಲ್ಲಿ ಗೆರೆ ನುಣ್ಣಗಿತ್ತು. 1550ರಲ್ಲಿ 2,310 ಮೀಟರ್ ಹತ್ತಿರ ಅರ್ಧ ಡಿಬಿಗಿಂತ (ಡೆಸಿಬೆಲ್, ಬೆಳಕಿನ ನಷ್ಟದ ಅಳತೆ) ದೊಡ್ಡ ಮೆಟ್ಟಿಲು, ಅಂದ್ರೆ ಬೆಳಕು ಅಲ್ಲಿ ದಿಢೀರ್ ಇಳಿದಿದೆ. 1310ರಲ್ಲಿ ಅಡಗಿ 1550ರಲ್ಲಿ ಎದ್ದು ಕಾಣುವುದು ಜಾಯಿಂಟ್ ದೋಷ ಅಲ್ಲ, ಎಲ್ಲೋ ಕೇಬಲ್ ಹಿಸುಕಿದೆ ಇಲ್ಲವೇ ಬಗ್ಗಿದೆ. 1310 ಮಾತ್ರ ನೋಡಿ ಸಹಿ ಹಾಕಿಸುವವರನ್ನು ಕಂಡಿದ್ದೇನೆ. ಸಹಿ ಸಿಗುತ್ತೆ, ಆಮೇಲೆ ದೂರೂ ಬರುತ್ತೆ.

50 ಮೀಟರ್‌ಗೊಂದು ಕಂಬ, ಲೆಕ್ಕ ಹಾಕಿ 46ಕ್ಕೆ ಹತ್ತಿಸಿದೆ. ಕ್ಲಾಂಪ್ ಸರಿಯಾಗಿತ್ತು. 47ಕ್ಕೆ ಹತ್ತಿಸಿದೆ, ಅಲ್ಲೂ ಏನಿಲ್ಲ. ಬಿಸಿಲಲ್ಲಿ ಕೂತು ಎಳನೀರು ಕುಡಿಯುವಾಗ ತಲೆಗೆ ಹೊಳೆಯಿತು: ಒಟಿಡಿಆರ್ ಅಳೆಯೋದು ರಸ್ತೆಯನ್ನಲ್ಲ, ಗಾಜಿನ ಎಳೆಯನ್ನು. ದಾರಿಯಲ್ಲಿ 20 ಮೀಟರ್‌ನ ಎರಡು ಸುರುಳಿ ಬಿಟ್ಟಿದ್ದೆವು. ಅದು 40. ಕೇಬಲ್ ಒಳಗೆ ಎಳೆ ನೇರವಾಗಿರಲ್ಲ, ಸುತ್ತಿಕೊಂಡಿರುತ್ತೆ. ಅದಕ್ಕೆ ನೂರಕ್ಕೆ ಒಂದರಂತೆ ಇನ್ನೊಂದು 23. ಕಳೆದರೆ 2,247.

45ನೇ ಕಂಬ. ಅಲ್ಲಿ ಟೆನ್ಷನ್ ಕ್ಲಾಂಪ್ ಸಾಲದೆ ನಮ್ಮ ಹುಡುಗನೊಬ್ಬ ಜಿಐ ತಂತಿ ಸುತ್ತಿ, ಕಟಿಂಗ್ ಪ್ಲೇಯರ್‌ನಲ್ಲಿ ತಿರುಚಿ ಬಿಗಿದಿದ್ದ. ಕಪ್ಪು ಹೊದಿಕೆಯಲ್ಲಿ ತಂತಿ ಬೆರಳಿನ ಉಂಗುರದ ಹಾಗೆ ಹೂತು ಕೂತಿತ್ತು. ಕೇಬಲ್ಲಿನ ಭಾರವನ್ನು ಅದನ್ನು ಕಚ್ಚಿ ಹಿಡಿಯುವ ಗ್ರಿಪ್‌ಗೆ ಕೊಟ್ಟು, ನಿಧಾನಕ್ಕೆ ಬಿಚ್ಚಿಸಿದೆ. ಇನ್ನೊಂದು ತುದಿಯಲ್ಲಿ ಒಟಿಡಿಆರ್ ಮುಂದೆ ಕೂತವನು ಫೋನಿನಲ್ಲೇ ಕೂಗಿದ: "ಮೆಟ್ಟಿಲು ಹೋಯ್ತಣ್ಣ!"

ಗಾಯ ಆದ ಜಾಗ ಬಿಟ್ಟು ಮೊಳದಾಚೆ ಸರಿಯಾದ ಕ್ಲಾಂಪ್ ಹಾಕಿದೆವು. ಸುರುಳಿ ಯಾವ ಕಂಬದಲ್ಲಿದೆ, ಎಷ್ಟು ಮೀಟರ್ ಅಂತ ಕಂಬದ ನಂಬರ್ ಪಕ್ಕದಲ್ಲೇ ಬರೆಯೋದು ಶುರುವಾದದ್ದು ಅವತ್ತಿನಿಂದ.