ಪಲ್ಸಾರ್ ಹಿಡಿದು ಆಕಾಶಗಂಗೆಯ ಸೆಳೆತ ಅಳೆಯೋದು ಹೇಗೆ?

ಆಕಾಶಗಂಗೆಯ ಸೆಳೆತಕ್ಕೆ ಸೂರ್ಯನ ವೇಗ ಹತ್ತು ವರ್ಷದಲ್ಲಿ ಬದಲಾಗುವುದು ಸೆಕೆಂಡಿಗೆ ಸುಮಾರು 7 ಸೆಂಟಿಮೀಟರ್, ಅಷ್ಟೇ. ಇಷ್ಟು ಸಣ್ಣದನ್ನು ಹಿಡಿಯೋಕೆ ಪಲ್ಸಾರಿನಂಥ ಕರಾರುವಾಕ್ಕಾದ ಗಡಿಯಾರವೇ ಬೇಕು. ಪಲ್ಸಾರ್ ಅಂದರೆ ಗಿರಗಿರನೆ ತಿರುಗುತ್ತಾ ತಾಳ ತಪ್ಪದೆ ರೇಡಿಯೋ ಮಿಡಿತ ಕಳಿಸುವ ಸತ್ತ ನಕ್ಷತ್ರ. ಸೆಳೆತದಿಂದ ಅದರ ವೇಗ ಬದಲಾದರೆ ಅದರ ಅವಧಿಯೂ ನಮಗೆ ಬದಲಾಗುತ್ತಿರುವಂತೆ ಕಾಣುತ್ತದೆ. ನಾನು ಬಿಎಸ್ಸಿ ಮಕ್ಕಳಿಗೆ ಈ ಲೆಕ್ಕವನ್ನು ಎಕ್ಸೆಲ್‌ನಲ್ಲೇ ಮಾಡಿಸುತ್ತೇನೆ.

ಆಸ್ಟ್ರೇಲಿಯಾದ ರೇಡಿಯೋ ದೂರದರ್ಶಕ ಸಂಸ್ಥೆ ಎಟಿಎನ್‌ಎಫ್‌ನ ಪಲ್ಸಾರ್ ಪಟ್ಟಿ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಜೋಡಿ ಇರುವ, ಅಂದರೆ ಇನ್ನೊಂದು ನಕ್ಷತ್ರದ ಜೊತೆ ಸುತ್ತುವ ಪಲ್ಸಾರನ್ನೇ ಆರಿಸಿ. ಒಂಟಿ ಪಲ್ಸಾರ್ ತನ್ನ ಕಾಂತಕ್ಷೇತ್ರದಿಂದ ತಾನೇ ನಿಧಾನವಾಗುತ್ತದೆ. ಎಷ್ಟು ಅಂತ ಬೇರೆ ಮಾಡಿ ಹೇಳೋಕಾಗಲ್ಲ. ಜೋಡಿ ಸುತ್ತುವ ಅವಧಿಗೆ ಆ ತಂಟೆ ಇಲ್ಲ. ಆದರೆ ಜೊತೆಗಾರ ನಕ್ಷತ್ರದಿಂದ ಅನಿಲ ಸೋರುತ್ತಿದ್ದರೆ ಅಂಥದ್ದನ್ನು ಬಿಡಿ.

ಉದಾಹರಣೆಗೆ ಜೆ0437−4715 ಎಂಬ ಪಲ್ಸಾರ್ ತೆಗೆದುಕೊಳ್ಳೋಣ. ಸುತ್ತುವ ಅವಧಿ 5.741 ದಿನ. ಅದು ಹೆಚ್ಚುತ್ತಿರುವ ದರ ಸೆಕೆಂಡಿಗೆ 3.73×10⁻¹² ಸೆಕೆಂಡ್. ಇದಿಷ್ಟೂ ಸೆಳೆತ ಅಂದ್ಕೋಬೇಡಿ. ಪಲ್ಸಾರ್ ಆಕಾಶದಲ್ಲಿ ಅಡ್ಡಕ್ಕೆ ಸರಿಯುವುದರಿಂದಲೂ ಅವಧಿ ಹಿಗ್ಗಿದಂತೆ ಕಾಣುತ್ತದೆ. ಇದು ಶ್ಕ್ಲೋವ್‌ಸ್ಕಿ ಪರಿಣಾಮ. ಅಡ್ಡ ಚಲನೆಯ ವರ್ಗವನ್ನು ದೂರದಿಂದ ಗುಣಿಸಿ, ಬೆಳಕಿನ ವೇಗದಿಂದ ಭಾಗಿಸಿ, ಮತ್ತೆ ಅವಧಿಯಿಂದ ಗುಣಿಸಿ. ಚಲನೆ ವರ್ಷಕ್ಕೆ 140.9 ಮಿಲಿ ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 36 ಲಕ್ಷದಲ್ಲಿ ಒಂದು ಪಾಲು) ಎಂದಿರುತ್ತದೆ. ಮೊದಲು ಅದನ್ನು ಸೆಕೆಂಡಿಗೆ ರೇಡಿಯನ್ ಮಾಡಿಕೊಳ್ಳಿ. ದೂರ 156.3 ಪಾರ್ಸೆಕ್ (ಒಂದು ಪಾರ್ಸೆಕ್ ಸುಮಾರು 3.26 ಜ್ಯೋತಿರ್ವರ್ಷ) ಹಾಕಿದರೆ 3.74×10⁻¹² ಬರುತ್ತದೆ. ನೋಡಿ, ಹೆಚ್ಚುಕಮ್ಮಿ ಎಲ್ಲವನ್ನೂ ಇದೇ ನುಂಗಿಬಿಟ್ಟಿತು!

ಗುರುತ್ವ ಅಲೆಗಳಿಂದ ಆಗುವ ಕುಗ್ಗುವಿಕೆಯನ್ನೂ ಕಳೆಯಬೇಕು, ಇಲ್ಲಿ ಅದು ಲೆಕ್ಕಕ್ಕಿಲ್ಲದಷ್ಟು ಕಮ್ಮಿ. ಉಳಿದದ್ದನ್ನು ಅವಧಿಯಿಂದ ಭಾಗಿಸಿ ಬೆಳಕಿನ ವೇಗದಿಂದ ಗುಣಿಸಿದರೆ ವೇಗೋತ್ಕರ್ಷ ಸಿಗುತ್ತದೆ. ಅದೂ ನಮ್ಮ ನೋಟದ ದಿಕ್ಕಿನಲ್ಲಿ, ಸೂರ್ಯನಿಗೆ ಹೋಲಿಸಿದಾಗ ಎಷ್ಟು ವ್ಯತ್ಯಾಸ ಅನ್ನುವುದು ಮಾತ್ರ.

ನಿಜವಾದ ತಲೆನೋವು ದೂರದ್ದು. ರೇಡಿಯೋ ದೂರದರ್ಶಕಗಳ ಜಾಲದಿಂದ ಅಳೆದ ಆ 156.3ರಲ್ಲಿ 1.3 ಪಾರ್ಸೆಕ್ ಆಚೀಚೆ ಇದೆ. ಅಷ್ಟಕ್ಕೇ ಶ್ಕ್ಲೋವ್‌ಸ್ಕಿ ಪಾಲು 0.03×10⁻¹² ಅಲುಗಾಡುತ್ತದೆ. ನಮಗೆ ಉಳಿದದ್ದೋ ಅದಕ್ಕಿಂತ ಚಿಕ್ಕದು. 156.8 ಎಂಬ ಇನ್ನೂ ನಿಖರವಾದ ದೂರವೂ ಇದೆ. ಅದನ್ನು ಮಾತ್ರ ಮುಟ್ಟಬೇಡಿ. ಆಕಾಶಗಂಗೆಯ ಸೆಳೆತ ಇಷ್ಟು ಎಂದು ಮೊದಲೇ ಇಟ್ಟುಕೊಂಡು, ಇದೇ ಅವಧಿಯಿಂದ ತೆಗೆದ ದೂರ ಅದು. ಉತ್ತರ ನೋಡಿಕೊಂಡು ಲೆಕ್ಕ ಮಾಡಿದಂತೆ, ಅಲ್ವಾ?

ಹಾಗಾಗಿ ಅಡ್ಡಕ್ಕೆ ನಿಧಾನ ಸರಿಯುವ, ದೂರ ಬೇರೆ ದಾರಿಯಲ್ಲಿ ಗೊತ್ತಾಗಿರುವ ಜೋಡಿಗಳನ್ನು ಹುಡುಕಿ. ಒಂದೇ ಸಾಲದು. 2021ರಲ್ಲಿ ಖಗೋಳವಿಜ್ಞಾನಿ ಸುಕನ್ಯಾ ಚಕ್ರಬರ್ತಿ ಅವರ ತಂಡ ಇಂಥ 14 ಜೋಡಿಗಳನ್ನು ಸೇರಿಸಿ, ನಮ್ಮ ಸುತ್ತ ಒಂದು ಘನ ಪಾರ್ಸೆಕ್‌ನಲ್ಲಿ ಸುಮಾರು 0.08 ಸೂರ್ಯನಷ್ಟು ದ್ರವ್ಯ ಇದೆ ಎಂದು ಲೆಕ್ಕ ಹಾಕಿತು.