ಸಿಂಥೆಟಿಕ್ ಬಿಟ್ಟು ಸಾದಾ ಆಯಿಲ್‌ಗೆ ಬರುವುದು ಹೇಗೆ?

ಸಂಡೂರು, ತೋರಣಗಲ್ಲು ಕಡೆ ಒಂದು ವಾರ ಓಡಾಡಿ ಬಂದ ಕಾರಿನ ಏರ್ ಫಿಲ್ಟರ್ ಬಿಚ್ಚಿ ನೋಡಿ. ಕುಂಕುಮ ಚೆಲ್ಲಿದ ಹಾಗೆ ಕೆಂಪಗಿರುತ್ತದೆ. ಅದೆಲ್ಲ ಅದಿರಿನ ಧೂಳು. ಫಿಲ್ಟರ್ ಎಷ್ಟೇ ತಡೆದರೂ ಚೂರುಪಾರು ಒಳಗೆ ಇಳಿದು ಇಂಜಿನ್ ಆಯಿಲ್ ಸೇರುತ್ತದೆ. ಅದಕ್ಕೇ ನಮ್ಮ ಬಳ್ಳಾರಿಯಲ್ಲಿ ಎಷ್ಟೋ ಜನ 10,000 ಕಿಲೋಮೀಟರ್ ಬಾಳುವ ದುಬಾರಿ ಸಿಂಥೆಟಿಕ್ ಆಯಿಲ್ (ರಾಸಾಯನಿಕವಾಗಿ ತಯಾರಿಸಿದ್ದು) ಹಾಕಿಸಿ, 5,000ಕ್ಕೇ ತೆಗೆಸಿಬಿಡುತ್ತಾರೆ.

ಬೇಗ ತೆಗೆಸುವುದು ಸರಿಯೇ. ಧೂಳಿನ ರಸ್ತೆಯಲ್ಲಿ ಓಡುವ ಗಾಡಿಗೆ ಆಯಿಲ್ ಬೇಗ ಬದಲಿಸಿ ಅಂತ ಕಾರಿನ ಜೊತೆ ಕೊಡುವ ಪುಸ್ತಕದಲ್ಲೂ ಇರುತ್ತದೆ. ಆದರೆ ಅರ್ಧ ಆಯಸ್ಸಿಗೇ ಹೊರಗೆ ಹೋಗುವ ಆಯಿಲ್‌ಗೆ ಅಷ್ಟು ದುಡ್ಡು ಯಾಕೆ ಸುರಿಯಬೇಕು? ಹಳೆ ಕಾರಾಗಿದ್ದರೆ ಸಾದಾ ಆಯಿಲ್, ಅಂದರೆ ಕಚ್ಚಾ ತೈಲ ಶುದ್ಧಿ ಮಾಡಿ ತೆಗೆದ ಮಿನರಲ್ ಆಯಿಲ್ ಸಾಕು. ಧೂಳಿಲ್ಲದ ಊರಲ್ಲಿ, ಡಾಂಬರು ರಸ್ತೆಯಲ್ಲೇ ಓಡಿಸುವವರಿಗೆ ಮಾತ್ರ ಇದರಲ್ಲಿ ಉಳಿತಾಯ ಕಾಣುವುದಿಲ್ಲ. ಒಂದು ಸಲ ಬದಲಿಸುವ ಕಡೆ ಎರಡು ಸಲ ಆಯಿಲ್, ಎರಡು ಸಲ ಆಯಿಲ್ ಫಿಲ್ಟರ್, ಎರಡು ಸಲ ಕೂಲಿ ಆಗುತ್ತದೆ. ಲೆಕ್ಕ ಸರಿಸಮ ಆಗಿಹೋಗುತ್ತದೆ.

"ಒಂದ್ಸಲ ಸಿಂಥೆಟಿಕ್ ಹಾಕಿದ್ರೆ ವಾಪಸ್ ಬರಂಗಿಲ್ಲ ಸಾರ್, ಇಂಜಿನ್ ಸೀಜ್ ಆಗ್ತೈತಿ" ಅನ್ನುವ ಮಾತು ಬಹಳ ಕಡೆ ಕೇಳಿದ್ದೇನೆ. ಇದು ಸುಳ್ಳು. ಮೊದಮೊದಲು ಬಂದ ಸಿಂಥೆಟಿಕ್ ಆಯಿಲ್‌ಗಳು ರಬ್ಬರ್ ಸೀಲುಗಳಿಗೆ ತೊಂದರೆ ಕೊಟ್ಟಿದ್ದವು. ಹೆದರಿಕೆ ಅಲ್ಲಿಂದ ಉಳಿದುಕೊಂಡಿದೆ. ಈಗಿನವು ಹಾಗಿಲ್ಲ. ಅಂಗಡಿಯಲ್ಲಿ ಸೆಮಿ ಸಿಂಥೆಟಿಕ್ ಅಂತ ಮಾರುತ್ತಾರಲ್ಲ, ಅದು ಎರಡನ್ನೂ ಬೆರೆಸಿದ್ದೇ! ಒಂದಕ್ಕೊಂದು ಆಗದಿದ್ದರೆ ಆ ಡಬ್ಬ ಬರುತ್ತಲೇ ಇರಲಿಲ್ಲ. ಹಾಗಾಗಿ ಫ್ಲಶ್ ಮಾಡಿಸಿ, ಅಂದರೆ ಇಂಜಿನ್ ಒಳಗೆಲ್ಲ ತೊಳೆಸಿ ಅಂತ ಯಾರಾದರೂ ಹೇಳಿದರೆ ಕೈ ಮುಗಿದು ಬನ್ನಿ. ಒಳಗೆ ಉಳಿಯುವ ಸ್ವಲ್ಪ ಹಳೆ ಆಯಿಲ್‌ನಿಂದ ಏನೂ ಆಗುವುದಿಲ್ಲ.

ಆದರೆ ಎಲ್ಲ ಕಾರಿಗೂ ಇದು ನಡೆಯುವುದಿಲ್ಲ. ಟರ್ಬೊ, ಅಂದರೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ ಇದ್ದರೆ ಈ ಯೋಚನೆ ಇಲ್ಲಿಗೇ ಬಿಡಿ. ಟರ್ಬೊ ಕಾದಾಗ ಸಾದಾ ಆಯಿಲ್ ಸುಟ್ಟು ಕಿಟ್ಟ ಕಟ್ಟುತ್ತದೆ. ಹೊಗೆಕೊಳವೆಯಲ್ಲಿ ಡಿಪಿಎಫ್ (ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್ 6 ಡೀಸೆಲ್ ಗಾಡಿಗೆ ಬೂದಿ ಕಡಿಮೆ ಬಿಡುವ ಆಯಿಲೇ ಬೇಕು. ಪುಸ್ತಕದಲ್ಲಿ ಆಯಿಲ್ ಗ್ರೇಡ್ 0ಡಬ್ಲ್ಯು-20 ಅಥವಾ 0ಡಬ್ಲ್ಯು-16 ಅಂತಿದ್ದರೆ ಆ ತೆಳುವಿನ ಮಿನರಲ್ ಆಯಿಲ್ ಸಿಗುವುದೇ ಇಲ್ಲ. ವಾರಂಟಿ ಬಾಕಿ ಇದ್ದರೂ ಬೇಡ.

ಇನ್ನು ಗ್ರೇಡ್ ನೋಡೋಣ. ಡಬ್ಬದ ಮೇಲೆ 5ಡಬ್ಲ್ಯು-30 ಅಂತ ಇರುತ್ತದೆ. ಮೊದಲ ಅಂಕಿ ಚಳಿಯದ್ದು. 5ಡಬ್ಲ್ಯು ಆಯಿಲನ್ನು ಮೈನಸ್ 30 ಡಿಗ್ರಿಯಲ್ಲಿ, 10ಡಬ್ಲ್ಯು ಆದರೆ ಮೈನಸ್ 25ರಲ್ಲಿ ಪರೀಕ್ಷೆ ಮಾಡುತ್ತಾರೆ. ಬೇಸಿಗೆ, ಕಡುಬೇಸಿಗೆ ಅಂತ ಎರಡೇ ಕಾಲ ಇರುವ ನಮ್ಮೂರಿಗೆ ಇದನ್ನು ಕಟ್ಟಿಕೊಂಡು ಏನಾಗಬೇಕು! ಕೊನೆಯ ಅಂಕಿ ಮಾತ್ರ ಮುಖ್ಯ. ಇಂಜಿನ್ ಕಾದ ಮೇಲೆ ಆಯಿಲ್ ಎಷ್ಟು ಗಟ್ಟಿ ಅನ್ನುವುದನ್ನು ಅದು ಹೇಳುತ್ತದೆ. ಅದನ್ನು 100 ಡಿಗ್ರಿಯಲ್ಲಿ ಅಳೆಯುತ್ತಾರೆ. ನಿಮ್ಮದು 5ಡಬ್ಲ್ಯು-30 ಇದ್ದರೆ 10ಡಬ್ಲ್ಯು-30 ಸಾದಾ ಆಯಿಲ್ ನಡೆಯುತ್ತದಾ ಅಂತ ಪುಸ್ತಕದ ಪಟ್ಟಿ ನೋಡಿ. "ನಮ್ಮ ಬಿಸಿಲಿಗೆ ದಪ್ಪ ಆಯಿಲೇ ಬೇಕು" ಅಂತ ಸುಮ್ನೆ 20ಡಬ್ಲ್ಯು-50 ಸುರಿಯಬೇಡಿ. ಹೊರಗೆ 42 ಡಿಗ್ರಿ ಇದ್ದರೂ ಇಂಜಿನ್ನಿನ ಬಿಸಿಯನ್ನು ಥರ್ಮೋಸ್ಟಾಟ್, ರೇಡಿಯೇಟರ್ ನೋಡಿಕೊಳ್ಳುತ್ತವೆ. ಡಬ್ಬದ ಮೇಲಿನ ಎಪಿಐ, ಅಂದರೆ ಆಯಿಲ್ ಗುಣಮಟ್ಟ ಹೇಳುವ ಗುರುತೂ ಪುಸ್ತಕದಲ್ಲಿ ಇದ್ದಷ್ಟೇ ಅಥವಾ ಅದಕ್ಕಿಂತ ಹೊಸದು ಇರಲಿ. ಪೆಟ್ರೋಲ್ ಗಾಡಿಗೆ ಎಸ್ಎನ್‌ಗಿಂತ ಎಸ್‌ಪಿ ಹೊಸದು.

ಈಗ ಕೆಲಸ. ಹೊಸ ಆಯಿಲ್, ಹೊಸ ಆಯಿಲ್ ಫಿಲ್ಟರ್, ಡ್ರೈನ್ ಬೋಲ್ಟಿನ (ಹಳೆ ಆಯಿಲ್ ಇಳಿಸಲು ಬಿಚ್ಚುವ ಬೋಲ್ಟ್) ಹೊಸ ವಾಷರ್, ಪಾನಾ, ಅಗಲದ ಟಬ್, ಲಾಳಿಕೆ ಇಟ್ಟುಕೊಳ್ಳಿ. ಒರೆಸಲು ಬಟ್ಟೆ ಬೇಕು. ಜೀನ್ಸ್ ಹೊಲಿಯುವ ಊರಲ್ಲಿ ತುಂಡು ಬಟ್ಟೆಗೆ ಬರ ಇಲ್ಲ, ಆದರೆ ಜೀನ್ಸ್ ಬಟ್ಟೆ ಆಯಿಲ್ ಬೇಗ ಹೀರುವುದಿಲ್ಲ. ಹಳೆ ಬನಿಯನ್ನೇ ವಾಸಿ.

ಇಂಜಿನ್ ಐದು ನಿಮಿಷ ಓಡಿಸಿ ಆಫ್ ಮಾಡಿ. ಬೆಚ್ಚಗಿದ್ದರೆ ಆಯಿಲ್ ಸಲೀಸಾಗಿ ಇಳಿಯುತ್ತದೆ. ದೂರ ಹೋಗಿ ಬಂದ ಕೂಡಲೇ ಮಾತ್ರ ಕೈ ಹಾಕಬೇಡಿ, ಚರ್ಮ ಸುಲಿಯುತ್ತದೆ. ಗಾಡಿ ಸಮತಟ್ಟು ಜಾಗದಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಜಾಕ್ ಒಂದನ್ನೇ ನಂಬಿ ಯಾವತ್ತೂ ಗಾಡಿ ಕೆಳಗೆ ನುಗ್ಗಬೇಡಿ. ಸ್ಟ್ಯಾಂಡ್ ಕೊಡಲೇಬೇಕು. ಅದಿಲ್ಲದಿದ್ದರೆ ಗುಂಡಿ ಇರುವ ಗ್ಯಾರೇಜಿಗೆ ಹೋಗಿ, ಆಯಿಲ್ ನೀವೇ ಒಯ್ದು ಹಾಕಿಸಿಕೊಳ್ಳಿ.

ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಕೆಳಗೆ ಟಬ್ ಇಟ್ಟು ಡ್ರೈನ್ ಬೋಲ್ಟ್ ಬಿಚ್ಚಿ. ಕೊನೆಯ ಸುತ್ತು ಕೈಯಲ್ಲಿ ತಿರುಗಿಸುವಾಗ ಬೋಲ್ಟನ್ನು ಮೇಲಕ್ಕೆ ಒತ್ತಿ ಹಿಡಿದು, ತಟ್ಟನೆ ಕೈ ಪಕ್ಕಕ್ಕೆ ಎಳೆದುಕೊಳ್ಳಿ. ಹನಿ ನಿಲ್ಲುವವರೆಗೆ ಕಾಯಿರಿ, ಹತ್ತು ಹದಿನೈದು ನಿಮಿಷ ಬೇಕು. ಆಮೇಲೆ ಹೊಸ ವಾಷರ್ ಹಾಕಿ ಬೋಲ್ಟ್ ಬಿಗಿ ಮಾಡಿ. ಜೋರು ತೋರಿಸಬೇಡಿ. ಆಯಿಲ್ ನಿಲ್ಲುವ ಚೇಂಬರ್ ಅಲ್ಯೂಮಿನಿಯಂನದಾಗಿದ್ದರೆ ಥ್ರೆಡ್ ಹೋಗುತ್ತದೆ.

ಮುಂದೆ ಆಯಿಲ್ ಫಿಲ್ಟರ್. ಇಲ್ಲೇ ನಾನು ಎಡವಿದ್ದು. ಮೊದಲ ಸಲ ಬದಲಿಸಿದಾಗ ಹಳೆ ಫಿಲ್ಟರಿನ ರಬ್ಬರ್ ರಿಂಗ್ ಇಂಜಿನ್ನಿಗೇ ಅಂಟಿಕೊಂಡಿತ್ತು. ನೋಡದೆ ಅದರ ಮೇಲೇ ಹೊಸದು ತಿರುಗಿಸಿಬಿಟ್ಟೆ. ಸ್ಟಾರ್ಟ್ ಮಾಡಿದ್ದೇ ತಡ, ಎರಡು ರಿಂಗಿನ ಸಂದಿಯಿಂದ ಆಯಿಲ್ ಚಿಮ್ಮಿ ಮನೆ ಮುಂದೆ ಬಿಟ್ಟಿದ್ದ ರಂಗೋಲಿ ಪೂರ್ತಿ ಕಪ್ಪಾಯಿತು. ಮನೆಯಲ್ಲಿ ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ. ಹಾಗಾಗಿ ಹಳೆ ಫಿಲ್ಟರ್ ಕೈಗೆ ಬಂದ ಕೂಡಲೇ ರಿಂಗ್ ಅದರಲ್ಲೇ ಇದೆಯಾ ನೋಡಿ. ಫಿಲ್ಟರ್ ಕೂರುವ ಜಾಗದಲ್ಲಿ ಬೆರಳಾಡಿಸಿ ಒರೆಸಿ. ಹೊಸ ರಿಂಗಿಗೆ ಒಂದು ಹನಿ ಹೊಸ ಆಯಿಲ್ ಸವರಿ ತಿರುಗಿಸಿ. ರಿಂಗ್ ತಾಗಿದ ಮೇಲೆ ಮುಕ್ಕಾಲು ಸುತ್ತು, ಅದೂ ಕೈಯಿಂದಲೇ.

ಚಿಕ್ಕ ಪೆಟ್ರೋಲ್ ಕಾರಿಗೆ ಸಾಮಾನ್ಯವಾಗಿ ಮೂರರಿಂದ ಮೂರೂವರೆ ಲೀಟರ್ ಹಿಡಿಯುತ್ತದೆ. ಅರ್ಧ ಲೀಟರ್ ಉಳಿಸಿಕೊಂಡು ಸುರಿಯಿರಿ. ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿ. ಆಯಿಲ್ ಲೈಟು ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ಕೂಡಲೇ ಆಫ್ ಮಾಡಿ. ಕೆಳಗೆ ಬಗ್ಗಿ ಸೋರುತ್ತಿದೆಯಾ ನೋಡಿ. ಎಲ್ಲ ಸರಿ ಇದ್ದರೆ ಇಂಜಿನ್ ಆಫ್ ಮಾಡಿ ಐದು ನಿಮಿಷ ಬಿಟ್ಟು ಗೇಜ್ ಕಡ್ಡಿ ಎಳೆದು, ಒರೆಸಿ, ಮತ್ತೆ ಇಳಿಸಿ ನೋಡಿ. ಮೇಲಿನ ಗೆರೆ ಮುಟ್ಟುವಷ್ಟು ಸೇರಿಸಿ. ದಾಟಿಸಬೇಡಿ, ಜಾಸ್ತಿಯಾದರೂ ಇಂಜಿನ್ನಿಗೆ ಕೆಡುಕೇ.

ಮೊದಲ 1,000 ಕಿಲೋಮೀಟರ್ ವಾರಕ್ಕೊಮ್ಮೆ ಕಡ್ಡಿ ನೋಡುತ್ತಿರಿ. ಸಾದಾ ಆಯಿಲ್ ಬಿಸಿಗೆ ಸ್ವಲ್ಪ ಬೇಗ ಆವಿಯಾಗುತ್ತದೆ. ಕಪ್ಪಾಯಿತು ಅಂತ ಗಾಬರಿ ಬೇಡ, ಕೊಳೆ ಹಿಡಿದುಕೊಳ್ಳುವುದು ಆಯಿಲ್‌ನ ಕೆಲಸ.

ತೆಗೆದ ಆಯಿಲ್ ಚರಂಡಿಗೆ ಚೆಲ್ಲಬೇಡಿ. ಗೆದ್ದಲು ಹಿಡಿಯದಿರಲಿ ಅಂತ ಬಾಗಿಲಿಗೆ ಬಳಿಯುವುದೂ ಬೇಡ. ಕೇಂದ್ರ ಸರ್ಕಾರದ 2016ರ ನಿಯಮದಲ್ಲಿ ಇದು ಅಪಾಯಕಾರಿ ತ್ಯಾಜ್ಯ. ಅದೇ ಡಬ್ಬಕ್ಕೆ ತುಂಬಿ, ಹಳೆ ಆಯಿಲ್ ಕೂಡಿಟ್ಟು ಮರುಸಂಸ್ಕರಣೆಗೆ ಕಳಿಸುವ ಗ್ಯಾರೇಜಿಗೆ ಕೊಡಿ. ಮುಂದಿನ ಸರದಿ 5,000 ಕಿಲೋಮೀಟರ್ ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ಅದನ್ನು ಚೀಟಿಯಲ್ಲಿ ಬರೆದು ಬಾನೆಟ್ ಒಳಗೆ ಅಂಟಿಸಿ. ಬಾನೆಟ್ ತೆರೆದಿರುವಾಗಲೇ ಆ ಕೆಂಪು ಏರ್ ಫಿಲ್ಟರನ್ನೂ ಬದಲಿಸಿಬಿಡಿ.